ಹಿಂದಿನಿಂದ ಹಿಡಿದ ಕೈ

ಪೇಟೆ ಬೀದಿಯ ಫೋಟೋ ಸ್ಟುಡಿಯೋದಲ್ಲಿ ಆಕೆಗೆ ಬಿಳಿಗೋಡೆಯಮ್ಮ ಎಂದು ಹೆಸರು ಬಿದ್ದು ಹನ್ನೆರಡು ವರ್ಷವಾಗಿತ್ತು. ಇಟ್ಟವನು ಸ್ಟುಡಿಯೋದ ಮಾಲೀಕ. ಗಿರಾಕಿ ಬೀರುವಿನ ಮುಂದೆ ನಿಂತು ತೆಗೆಸಿಕೊಂಡ ಪಟ ತರಲಿ, ಲಾರಿಗೆ ಒರಗಿ ತೆಗೆಸಿಕೊಂಡದ್ದು ತರಲಿ, ಯಾರದೋ ಮದುವೆಯ ಊಟದ ಸಾಲಿನಲ್ಲಿ ಬಾಯಿ ತುಂಬ ಅನ್ನವಿಟ್ಟುಕೊಂಡು ಕೂತದ್ದನ್ನೇ ತರಲಿ, ಆಕೆ ಕಂಪ್ಯೂಟರಿನ ಮುಂದೆ ಹತ್ತು ನಿಮಿಷ ಕೂತರೆ ಸಾಕು, ಹಿಂದಿನದೆಲ್ಲ ಹೋಗಿ ಸುಣ್ಣ ಬಳಿದ ಗೋಡೆ ಬಂದು ನಿಲ್ಲುತ್ತಿತ್ತು. "ಬಾಯಲ್ಲಿರೋ ಅನ್ನ ಮಾತ್ರ ನನ್ನಿಂದ ತೆಗೆಯೋಕಾಗಲ್ಲಪ್ಪ, ಅದನ್ನ ನುಂಗಿ ಬಾ" ಎಂದು ಆಕೆ ಹೇಳಿದ್ದು ಬೀದಿಯಲ್ಲೆಲ್ಲ ಹಬ್ಬಿತ್ತು.

ಕತ್ತು ನಿಲ್ಲದ ಹಸುಗೂಸುಗಳ ಪಟದ್ದೇ ಬೇರೆ ರಗಳೆ. ಪಾಸ್‌ಪೋರ್ಟ್ ಕಚೇರಿಯವರಿಗೆ ಪಟದಲ್ಲಿ ಮಗು ಒಂದೇ ಇರಬೇಕು, ನೆಟ್ಟಗೆ ಕೂತಿರಬೇಕು, ಕಣ್ಣು ಬಿಟ್ಟು ಮುಂದೆ ನೋಡುತ್ತಿರಬೇಕು. ಇದನ್ನು ಮೂರು ತಿಂಗಳ ಕೂಸಿಗೆ ತಿಳಿಸಿ ಹೇಳುವವರು ಯಾರು? ಅದಕ್ಕೇ ತಾಯಿ ಸ್ಟೂಲಿನ ಹಿಂದೆ ಮಂಡಿಯೂರಬೇಕು, ಆಕೆಯ ತಲೆಯ ಮೇಲೆ ಬಿಳಿ ಹೊದಿಕೆ ಎಳೆಯಬೇಕು, ಹೊದಿಕೆಯ ಅಂಚಿನಿಂದ ಎರಡು ಕೈ ಮಾತ್ರ ಹೊರಗೆ ಬಂದು ಮಗುವಿನ ಕಂಕುಳನ್ನೂ ಕತ್ತನ್ನೂ ಹಿಡಿದಿರಬೇಕು. ಪಟ ತೆಗೆದಾದ ಮೇಲೆ ಆ ಕೈಗಳನ್ನು ಅಳಿಸಿ ಬಿಳಿ ತುಂಬುವುದು ಬಿಳಿಗೋಡೆಯಮ್ಮನ ಪಾಲಿನ ಕೆಲಸ. ಎಷ್ಟು ತಾಯಂದಿರ ಕೈ ಅಳಿಸಿದ್ದಳೋ ಲೆಕ್ಕವಿಲ್ಲ. ಹಿಟ್ಟಂಟಿದ ಕೈ, ಉಗುರಿಗೆ ಬಣ್ಣ ಹಚ್ಚಿದ ಕೈ, ಹೆದರಿ ನಡುಗಿದ್ದರಿಂದ ಪಟದಲ್ಲಿ ಮಸುಕಾಗಿದ್ದ ಕೈ. ಆಕೆ ಮಾಡಿದ ಪಟ ಒಂದು ಸಲವೂ ಕಚೇರಿಯಿಂದ ವಾಪಸ್ ಬಂದಿರಲಿಲ್ಲ.

ಮನೆ ಎಂದರೆ ಮೂರನೆಯ ಮಹಡಿಯಲ್ಲಿ ಎರಡು ಕೋಣೆ, ಒಂದು ಅಡುಗೆಮನೆ, ಬಟ್ಟೆ ಒಣಹಾಕಲು ಮೆಟ್ಟಿಲಿನ ಕಟಕಟೆ. ಬಸ್ಸಿನ ಕಂಡಕ್ಟರಾಗಿ ಮೂವತ್ತೊಂದು ವರ್ಷ ದುಡಿದು ನಿವೃತ್ತನಾದ ಗಂಡ, ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಒಬ್ಬಳೇ ಮಗಳು, ಮಗಳ ನಾಲ್ಕು ತಿಂಗಳ ಹೆಣ್ಣುಕೂಸು. ಕೂಸಿಗೆ ದಾಖಲೆಯಲ್ಲಿ ಉದ್ದನೆಯ ಹೆಸರೊಂದಿತ್ತು, ಮನೆಯಲ್ಲಿ ಎಲ್ಲರಿಗೂ ಟುವ್ವಿ. ಅಳಿಯ ಹಡಗು ಕಟ್ಟುವ ಕಾರ್ಖಾನೆಯಲ್ಲಿ ವೆಲ್ಡರ್. ಟುವ್ವಿ ಹುಟ್ಟುವ ಮೂರು ತಿಂಗಳ ಮೊದಲೇ ಪರದೇಶಕ್ಕೆ ಹೋಗಿದ್ದ ಅವನು ಮಗುವನ್ನು ಮೊಬೈಲಿನ ಗಾಜಿನಲ್ಲಷ್ಟೇ ನೋಡಿದ್ದ.

ಮಗಳು ಬೆಳಗಿನ ಆರಕ್ಕೆ ಡ್ಯೂಟಿಗೆ ಹೋದರೆ ಬರುವುದು ಮಧ್ಯಾಹ್ನ ಎರಡೂವರೆಗೆ. ಅಲ್ಲಿಯವರೆಗೆ ಟುವ್ವಿ ಅಜ್ಜಿಯ ಸೊತ್ತು, ಕುಡಿಯಲು ಮಗಳು ಹಿಂಡಿಟ್ಟ ಹಾಲು, ಚಮಚದಲ್ಲಿ. ಹನ್ನೊಂದಕ್ಕೆ ಸ್ಟುಡಿಯೋಗೆ ಹೊರಡುವಾಗ ಆಕೆ ಕೂಸನ್ನು ಗಂಡನ ಹೆಗಲಿಗೆ ದಾಟಿಸುತ್ತಿದ್ದಳು. ಅವನು ಅದನ್ನೆತ್ತಿಕೊಂಡು ಕೋಣೆಯಿಂದ ಕೋಣೆಗೆ ಬಸ್ಸು ಬಿಡುತ್ತಿದ್ದ. "ಹೋಲ್ಡಾನ್, ಅಡುಗೆಮನೆ ಇಳಿಯೋರು ಇಳೀರಿ. ರೈಟ್!" ಎನ್ನುತ್ತಿದ್ದ. ರೈಟ್ ಎಂದಾಗಲೆಲ್ಲ ಕೂಸು ಬೊಚ್ಚುಬಾಯಿ ಬಿಟ್ಟು ನಗುತ್ತಿತ್ತು.

ಹೀಗೆ ಸುಖವಾಗಿ ನಡೆಯುತ್ತಿದ್ದ ಸಂಸಾರದಲ್ಲಿ ಒಂದು ಮಧ್ಯಾಹ್ನ ಮಗಳು ಚಪ್ಪಲಿಯನ್ನೂ ಬಿಡದೆ ಒಳಗೆ ಬಂದಳು.

"ಅಮ್ಮ, ಕೆಲಸ ಸಿಕ್ತು! ಅವರಿರೋ ಊರಲ್ಲೇ. ಆಸ್ಪತ್ರೆಯವರೇ ರೂಮು ಕೊಡ್ತಾರಂತೆ."

ಅಂದು ಬಿಳಿಗೋಡೆಯಮ್ಮನಿಗೆ ಸ್ಟುಡಿಯೋ ರಜೆ. ಆಲೂಗಡ್ಡೆ ಹುರಿಯುತ್ತಿದ್ದಳು. ಸೌಟು ಕೆಳಗಿಡದೆ ಕೇಳಿದಳು. "ಯಾವಾಗ ಹೋಗಬೇಕು?"

"ಮೂರು ತಿಂಗಳಲ್ಲಿ ಸೇರ್ಕೋಬೇಕು. ನಂದೆಲ್ಲ ಸರಿಯಿದೆ. ಟುವ್ವಿ ಪಾಸ್‌ಪೋರ್ಟ್ ಒಂದು ಆಗಬೇಕು ಅಷ್ಟೆ."

"ಅವಳಿಗೆ ಹಾಫ್ ಟಿಕೆಟ್ಟಾ, ಫುಲ್ಲಾ?" ಎಂದ ಕಂಡಕ್ಟರ್.

"ಅಲ್ಲೂ ಅದೇ ಯೋಚನೆನಾ ಅಪ್ಪ ನಿಂಗೆ!" ಮಗಳು ನಕ್ಕಳು. ತಟ್ಟೆ ಹಾಕಿಕೊಂಡು ಕೂತಳು. ಎಷ್ಟೋ ತಿಂಗಳ ಮೇಲೆ ಅವಳು ಎರಡನೆಯ ಸಲ ಬಡಿಸಿಕೊಂಡು ಉಂಡಳು.

"ಅಲ್ಲಿ ನೀನು ಡ್ಯೂಟಿಗೆ ಹೋದ್ರೆ ಕೂಸನ್ನ ಯಾರು ನೋಡ್ಕೋತಾರೆ?" ಎಂದು ತಾಯಿ ಕೇಳಿದಳು.

"ಯಾರಾದ್ರೂ ಇರ್ತಾರಮ್ಮ. ಅಲ್ಲೇನು ಮಕ್ಕಳೇ ಇಲ್ವಾ?"

ಯಾರಾದ್ರೂ. ಬಿಳಿಗೋಡೆಯಮ್ಮ ಸೌಟು ತಿರುಗಿಸುವುದನ್ನು ಮರೆತಳು. ಆಲೂಗಡ್ಡೆ ತಳ ಹಿಡಿದದ್ದು ಆಕೆಗೆ ವಾಸನೆ ಬಂದ ಮೇಲೆ ತಿಳಿಯಿತು.

ಪಟ ತೆಗೆಸುವ ದಿನ ಮಗಳಿಗೆ ರಜೆ ಸಿಗಲಿಲ್ಲ. "ನೀನಿದ್ದೀಯಲ್ಲ, ನಂಗ್ಯಾಕೆ ಚಿಂತೆ" ಎಂದು ಹೋದಳು. ಬಿಳಿಗೋಡೆಯಮ್ಮ ಟುವ್ವಿಗೆ ಹಳದಿ ಅಂಗಿ ಹಾಕಿ, ಹಣೆಯ ಮೇಲಿನ ಎರಡೆಳೆ ಕೂದಲನ್ನು ನೀರು ಹಚ್ಚಿ ಕೂರಿಸಿ, ಸ್ಟುಡಿಯೋಗೆ ಎತ್ತಿಕೊಂಡು ಹೋದಳು. ಹನ್ನೆರಡು ವರ್ಷ ಬೇರೆಯವರನ್ನು ಕೂರಿಸಿದ ಸ್ಟೂಲಿನ ಹಿಂದೆ ಆಕೆಯೇ ಮೊದಲ ಸಲ ಮಂಡಿಯೂರಿದಳು. ಮಾಲೀಕ ಹೊದಿಕೆ ಎಳೆದ. ಒಳಗೆ ಸೆಕೆ, ಸೋಪಿನ ವಾಸನೆ, ಮೂಗಿಗೆ ತಾಗುವಷ್ಟು ಹತ್ತಿರ ಕೂಸಿನ ಬೆನ್ನು.

"ಕೈ ಸ್ವಲ್ಪ ಕೆಳಗೆ ತಗೊಳ್ಳಿ ಅಮ್ಮ."

"ಕೆಳಗೆ ತಗೊಂಡ್ರೆ ಕತ್ತು ವಾಲುತ್ತೆ, ನೀನು ತೆಗಿ."

ತೆಗೆದ. ಕಂಪ್ಯೂಟರಿನಲ್ಲಿ ಹಾಕಿಕೊಟ್ಟ. ಬಿಳಿಗೋಡೆಯಮ್ಮ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಒಂದೇ ಕೈಯಲ್ಲಿ ಕೆಲಸಕ್ಕೆ ಕೂತಳು. ಟುವ್ವಿ ಕೀಲಿಮಣೆಯ ಮೇಲೆ ಜೊಲ್ಲು ಸುರಿಸಿತು. ಪರದೆಯ ಮೇಲೆ ಒಂದು ಟುವ್ವಿ, ತೊಡೆಯ ಮೇಲೊಂದು ಟುವ್ವಿ. ಆಕೆ ಇದನ್ನು ನೋಡಿದಳು, ಅದನ್ನು ನೋಡಿದಳು, ನೋಡಬೇಕಾದ ಅಂಚನ್ನು ಮಾತ್ರ ನೋಡಲಿಲ್ಲ.

ಮೂರು ವಾರಕ್ಕೆ ಅರ್ಜಿ ವಾಪಸ್ ಬಂತು. ಮಗಳು ಊಟಕ್ಕೆ ಕೂತಲ್ಲೇ ಮೊಬೈಲಿನಲ್ಲಿ ಓದಿ ಹೇಳಿದಳು. "ಮಗುವಿನ ಎಡಗಿವಿಯ ಕೆಳಗೆ ಇನ್ನೊಬ್ಬರ ಬೆರಳು ಕಾಣುತ್ತಿದೆ. ಹೊಸ ಪಟದೊಂದಿಗೆ ಮತ್ತೆ ಅರ್ಜಿ ಸಲ್ಲಿಸಿ."

"ಸಾಧ್ಯವೇ ಇಲ್ಲ" ಎಂದಳು ಬಿಳಿಗೋಡೆಯಮ್ಮ.

"ನೀನೇ ನೋಡು."

ನೋಡಿದಳು. ಎರಡು ಬೆರಳಿಂದ ಹಿಗ್ಗಿಸಿ ನೋಡಿದಳು. ಹೌದು, ಕಿವಿಯ ಕೆಳಗೆ ಅವರೆಕಾಳಿನಷ್ಟು ಬೆರಳ ತುದಿ. ತರಕಾರಿ ಹೆಚ್ಚುವಾಗ ಕುಯ್ದುಕೊಂಡಿದ್ದ ಗಾಯದ ಗೆರೆ ಕೂಡ ಅದರ ಮೇಲಿತ್ತು. ಅಜ್ಜಿಯ ಬಣ್ಣ, ಮೊಮ್ಮಗಳ ಬಣ್ಣ ಒಂದೇ ಆದ್ದರಿಂದ ಅದು ಕೆನ್ನೆಯೊಳಗೆ ಸೇರಿಹೋಗಿತ್ತು. ಊರವರ ಬೆರಳನ್ನೆಲ್ಲ ಹುಡುಕಿ ಹುಡುಕಿ ಅಳಿಸಿದವಳಿಗೆ ತನ್ನ ಬೆರಳೇ ಕಂಡಿರಲಿಲ್ಲ.

"ಊರಿನ ಮಕ್ಕಳದ್ದೆಲ್ಲ ಸರಿಯಾಗಿ ಮಾಡ್ತೀಯ, ನಮ್ಮನೆ ಮಗುದೇ ಯಾಕಮ್ಮ ಹೀಗೆ?"

"ಬೇಕು ಅಂತ ಮಾಡಿದ್ನೇನೇ? ತಪ್ಪಾಯ್ತು. ಕಣ್ಣು ತಪ್ಪಿತು."

"ನಿಂಗೆ ಕಣ್ಣು ತಪ್ಪಿದ್ರೆ ನಂಗೆ ತಿಂಗಳು ತಪ್ಪುತ್ತೆ. ಇನ್ನೊಂದು ಸಲ ಹೀಗಾದ್ರೆ ನಾನೊಬ್ಬಳೇ ಹೋಗಬೇಕಾಗುತ್ತೆ ನೋಡು. ಟುವ್ವಿನ ಇಲ್ಲೇ ಬಿಟ್ಟು! ಆರು ತಿಂಗಳೋ ವರ್ಷವೋ ಆದ್ಮೇಲೆ ಬಂದು ಕರ್ಕೊಂಡು ಹೋಗಬೇಕು!"

ಮಗಳು ಅದನ್ನು ಸಿಟ್ಟಿನಲ್ಲಿ, ಹೆದರಿಸಲೆಂದು ಹೇಳಿದ್ದಳು. ಬಿಳಿಗೋಡೆಯಮ್ಮ ಹೆದರಲಿಲ್ಲ. ಆಕೆಗೆ ಅದು ಯಾರೋ ಕರೆದು ಕೊಟ್ಟ ಹಾಗೆ ಕೇಳಿಸಿತು. ಹಾಗೆ ಕೇಳಿಸಿದ್ದಕ್ಕೆ ನಾಚಿಕೆಯೂ ಆಯಿತು. ನಾಚಿಕೆ ಆದದ್ದು ಹೌದು, ಆದರೆ ಅದು ಪಾತ್ರೆ ತೊಳೆದು ಮುಗಿಸುವಷ್ಟರಲ್ಲಿ ಹೋಗಿಬಿಟ್ಟಿತು. ಆ ಮಾತು ಮಾತ್ರ ಹೋಗಲಿಲ್ಲ.

ಎರಡನೆಯ ಸಲ ಮಗಳು ರಜೆ ಹಾಕಿ ತಾನೇ ಬಂದು ಹೊದಿಕೆಯೊಳಗೆ ಕೂತಳು. ಪಟ ಚೆನ್ನಾಗಿ ಬಂತು. ಮಗುವನ್ನು ಎತ್ತಿಕೊಂಡು ಮನೆಗೆ ಹೋದಳು. ಸಂಜೆ ಐದರ ಹೊತ್ತಿಗೆ ಅಂಗಡಿಯಲ್ಲಿ ಜನ ಕಡಿಮೆಯಾದಾಗ ಬಿಳಿಗೋಡೆಯಮ್ಮ ಪಟ ತೆರೆದಳು. ಮಗಳ ಕೈಗಳನ್ನು ಒಂದೊಂದಾಗಿ ಅಳಿಸಿದಳು. ಕಿವಿಯ ಕೆಳಗೆ ನೋಡಿದಳು, ಕಂಕುಳಲ್ಲಿ ನೋಡಿದಳು, ಎಲ್ಲೂ ಏನೂ ಉಳಿದಿರಲಿಲ್ಲ. ಹಿಂದೆ ಬಿಳಿ ತುಂಬಿದಳು. ಪಟ ಮುತ್ತಿನಂತಿತ್ತು.

ಆಮೇಲೆ ಮೆತ್ತನೆಯ ಬ್ರಷ್ ಆರಿಸಿ, ಕೂಸಿನ ಬಲಗಿವಿಯ ಅಂಚಿನ ಮೇಲೆ ಒಂದು ಸಲ ಎಳೆದಳು. ಒಂದೇ ಒಂದು ಸಲ. ಕಿವಿಯ ಮೇಲಂಚು ಮಂಜಿನಲ್ಲಿ ಹೋದ ಹಾಗೆ ಬಿಳಿಯೊಳಗೆ ಕರಗಿತು. ಗೊತ್ತಿಲ್ಲದವರಿಗೆ ಅದು ಬೆಳಕು ಬಿದ್ದದ್ದು, ಅಷ್ಟೇ. ಕಚೇರಿಯವರಿಗೆ ಗೊತ್ತಾಗುತ್ತದೆ ಎಂದು ಆಕೆಗೆ ಗೊತ್ತಿತ್ತು.

ಮುಂದಿನ ಮೂರು ವಾರ ಬಿಳಿಗೋಡೆಯಮ್ಮನಷ್ಟು ಚುರುಕಾದ ಹೆಂಗಸು ಆ ಕಟ್ಟಡದಲ್ಲೇ ಇರಲಿಲ್ಲ. ಕಪಾಟಿನ ಕೆಳಗಿನ ಎರಡು ಖಾನೆ ಖಾಲಿ ಮಾಡಿ ಟುವ್ವಿಯ ಬಟ್ಟೆ ಜೋಡಿಸಿದಳು. ಮುಂದಿನ ಚಳಿಗಾಲಕ್ಕೆಂದು ಉಣ್ಣೆ ತಂದು, ಮಗುವಿಗೆ ಈಗ ಆಗುವುದಕ್ಕಿಂತ ದೊಡ್ಡ ಅಳತೆಯ ಸ್ವೆಟರ್ ಹೆಣೆಯಲು ಕೂತಳು. ಕಂಡಕ್ಟರ್ ನೋಡುತ್ತಲೇ ಇದ್ದ. ಒಂದು ಬೆಳಿಗ್ಗೆ ಮಗಳು ಡ್ಯೂಟಿಗೆ ಹೋದ ಮೇಲೆ, ಚಹಾದ ಲೋಟ ಹಿಡಿದು ಎದುರಿಗೆ ಬಂದು ಕೂತ.

"ಅಲ್ವೇ, ಈ ಸ್ವೆಟರ್ ಯಾರಿಗೆ?"

"ಟುವ್ವಿಗೆ. ಕಾಣಲ್ವಾ?"

"ಅವಳು ಚಳಿಗಾಲದಲ್ಲಿ ಇಲ್ಲಿ ಇರಲ್ವಲ್ಲ."

"ಅಲ್ಲೂ ಚಳಿಯಿರುತ್ತೆ."

"ಹೌದೌದು, ಇರುತ್ತೆ." ಅವನು ಚಹಾ ಗುಟುಕರಿಸಿದ. "ಮೂವತ್ತೊಂದು ವರ್ಷ ಬಸ್ಸಲ್ಲಿ ಓಡಾಡಿದೀನಿ ನೋಡು. ಟಿಕೆಟ್ ತಗೊಳ್ದೆ ಹತ್ತಿದೋರು ಹೇಗಿರ್ತಾರೆ ಗೊತ್ತಾ? ಎಲ್ಲರಿಗಿಂತ ಸಂಭಾವಿತರ ಹಾಗೆ ಕೂತಿರ್ತಾರೆ. ಕಿಟಕಿಯಿಂದ ಆಚೆ ನೋಡ್ತಾ."

"ಈಗ್ಯಾಕೆ ಆ ಪುರಾಣ?"

"ಯಾವ ಸ್ಟಾಪಲ್ಲಿ ಹತ್ತಿದೆ ನೀನು?"

ಬಿಳಿಗೋಡೆಯಮ್ಮನ ಕೈಯಲ್ಲಿ ಹೆಣಿಗೆ ನಿಂತಿತು. ಗಂಡನ ಮುಖ ನೋಡಲಾಗದೆ ಉಣ್ಣೆಯ ಉಂಡೆ ನೋಡಿದಳು. "ನಿಮಗೇನ್ರೀ ಗೊತ್ತು? ಬೆಳಿಗ್ಗೆ ಎದ್ದು ಅದರ ಬಟ್ಟೆ ತೊಳೆದೋಳು ನಾನು, ಹೊಟ್ಟೆನೋವು ಬಂದಾಗ ಹೆಗಲ ಮೇಲೆ ಹಾಕ್ಕೊಂಡು ತಿರುಗಿದೋಳು ನಾನು. ಅಲ್ಲಿ ಯಾರೋ ಗುರುತಿಲ್ಲದೋರ ಕೈಗೆ..."

"ನಾನು ಅವಳಿಗೆ ಹೇಳಲ್ಲ" ಎಂದು ಅವನು ಎದ್ದ. "ಕತ್ತು ಹಿಡಿದು ಇಳಿಸೋದು ನಂಗೆ ಬರ್ತಿತ್ತು. ಹೆಂಡ್ತಿನ ಇಳಿಸೋಕೆ ಬರಲ್ಲ. ನೀನೇ ಇಳಿ."

ಆ ವಾರವೇ ಅರ್ಜಿ ಎರಡನೆಯ ಸಲ ವಾಪಸ್ ಬಂತು. ಬಲಗಿವಿ ಸ್ಪಷ್ಟವಾಗಿಲ್ಲ, ಪಟವನ್ನು ತಿದ್ದಿದಂತಿದೆ ಎಂದು ಬರೆದಿದ್ದರು.

ಮಗಳು ಕೂಗಾಡುತ್ತಾಳೆ ಎಂದು ಬಿಳಿಗೋಡೆಯಮ್ಮ ಕಾದಳು. ಅವಳು ಕೂಗಾಡಲಿಲ್ಲ. ತಟ್ಟೆಯಲ್ಲಿದ್ದ ಬೇಯಿಸಿದ ಮೊಟ್ಟೆಯನ್ನು ನಾಲ್ಕು ತುಂಡು ಮಾಡಿ, ಒಂದನ್ನೂ ತಿನ್ನದೆ, ಎದ್ದು ಕೋಣೆಗೆ ಹೋಗಿ ಗಂಡನಿಗೆ ಫೋನು ಮಾಡಿದಳು. ಹೊರಗೆ ಬಂದಾಗ ಕಣ್ಣು ಒಣಗಿಯೇ ಇತ್ತು.

"ನಾನು ಮುಂದೆ ಹೋಗ್ತೀನಿ. ಆಸ್ಪತ್ರೆಯವರು ಎರಡು ವಾರ ಹೆಚ್ಚಿಗೆ ಕೊಟ್ಟಿದಾರೆ, ಅದಕ್ಕಿಂತ ಕಾಯಲ್ಲ. ಇನ್ಮೇಲೆ ಚಮಚ ಸಾಲಲ್ಲ, ನಾಳೆಯಿಂದ ಟುವ್ವಿಗೆ ಬಾಟಲಿ ಅಭ್ಯಾಸ ಮಾಡಿಸೋಣ. ನೀನೇ ಕುಡಿಸಮ್ಮ. ನಾನು ಕುಡಿಸಿದ್ರೆ ಕುಡಿಯಲ್ಲ."

ಬೇಕಾದದ್ದು ಸಿಕ್ಕಿತು. ಬಿಳಿಗೋಡೆಯಮ್ಮ ತಲೆಯಾಡಿಸಿದಳು.

ಬಾಟಲಿಯ ಮೊದಲ ದಿನ ಟುವ್ವಿ ರಬ್ಬರನ್ನು ನಾಲಗೆಯಿಂದ ಹೊರಗೆ ತಳ್ಳಿತು. ಎರಡನೆಯ ದಿನ ಅತ್ತು ಅತ್ತು ನೀಲಿಗಟ್ಟಿತು. ತಾಯಿಯ ವಾಸನೆ ಮನೆಯಲ್ಲಿದ್ದರೆ ಕೂಸು ಬಾಟಲಿ ಹಿಡಿಯುವುದಿಲ್ಲ ಎಂದು ಮಗಳೇ ಹೇಳಿ, ಮಧ್ಯಾಹ್ನ ಡ್ಯೂಟಿ ಮುಗಿಸಿ ಬಂದವಳು ಒಳಗೆ ಬಾರದೆ ಹೊರಗೇ ಇರುತ್ತಿದ್ದಳು. ಆ ವಾರ ಬಿಳಿಗೋಡೆಯಮ್ಮ ಸ್ಟುಡಿಯೋಗೆ ರಜೆ ಹೇಳಿದ್ದಳು. ಮೂರನೆಯ ದಿನ ಟುವ್ವಿ ಸೋತು, ಕಣ್ಣು ಬಾಗಿಲ ಕಡೆಗೇ ಇಟ್ಟುಕೊಂಡು, ಅರ್ಧ ಬಾಟಲಿ ಕುಡಿದು ಅಜ್ಜಿಯ ತೋಳಿನಲ್ಲಿ ನಿದ್ದೆಹೋಯಿತು. ಗೆದ್ದೆ ಎಂದುಕೊಳ್ಳಬೇಕಾಗಿತ್ತು. ಕೂಸನ್ನು ಮಲಗಿಸಿ, ಒಣಗಿದ ಬಟ್ಟೆ ತರಲೆಂದು ಆಕೆ ಬಾಗಿಲು ತೆರೆದಳು.

ಕಟಕಟೆಯ ಮೇಲೆ ಸಾಲಾಗಿ ಒಣಹಾಕಿದ್ದ ಟುವ್ವಿಯ ಬಟ್ಟೆಗಳ ನಡುವೆ, ಮೆಟ್ಟಿಲ ಮೇಲೆ ಮಗಳು ಕೂತಿದ್ದಳು. ನರ್ಸಿನ ನೀಲಿ ಅಂಗಿಯ ಎದೆಯೆಲ್ಲ ಹಾಲಿನಿಂದ ಒದ್ದೆ. ಅದರ ಮೇಲೆ ಮಗುವಿನ ಒಂದು ಒಣ ಬಟ್ಟೆ ಮಡಚಿ ಒತ್ತಿ ಹಿಡಿದುಕೊಂಡಿದ್ದಳು. ಬಾಗಿಲ ಸದ್ದಿಗೆ ತಿರುಗಿ, "ಕುಡಿದಳಾ?" ಎಂದು ಪಿಸುಮಾತಿನಲ್ಲಿ ಕೇಳಿದಳು.

"ಕುಡಿದಳು."

"ಪೂರ್ತಿ?"

"ಅರ್ಧ."

"ಒಳ್ಳೇದಾಯ್ತು" ಎಂದಳು ಮಗಳು. ಎಂದವಳು ಮೊಣಕಾಲಿನೊಳಗೆ ಮುಖ ಹುದುಗಿಸಿಬಿಟ್ಟಳು.

ಬಿಳಿಗೋಡೆಯಮ್ಮ ಬಾಗಿಲು ಮೆಲ್ಲಗೆ ಮುಂದೆ ಮಾಡಿದಳು. ಮಗಳಿಗಿಂತ ಎರಡು ಮೆಟ್ಟಿಲು ಮೇಲೆ, ಅಲ್ಲೇ ಕೂತಳು. ಕಿವಿಯೊಂದನ್ನು ಅಳಿಸಿದೆ ಎಂದುಕೊಂಡಿದ್ದಳು ಆಕೆ. ಅಳಿಸಿದ್ದು ಈ ಹುಡುಗಿಯನ್ನು.

"ಕಿವಿ ನಾನೇ ಅಳಿಸಿದ್ದು" ಎಂದಳು.

ಮಗಳು ತಲೆಯೆತ್ತಲಿಲ್ಲ. ಕೇಳಿಸಲಿಲ್ಲವೇನೋ ಎಂದುಕೊಂಡು ಮತ್ತೆ ಹೇಳಿದಳು. "ಮೊದಲನೇ ಸಲದ ಬೆರಳು ತಪ್ಪಿ ಉಳಿದದ್ದು, ಆಣೆ ಮಾಡ್ತೀನಿ. ಎರಡನೇ ಸಲದ್ದು ಬೇಕಂತ ಮಾಡಿದೆ. ನೀನೊಬ್ಬಳೇ ಹೋದ್ರೆ ಕೂಸು ನನ್ನ ಹತ್ರ ಇರುತ್ತೆ ಅಂತ."

ಕೆಳಗಿನ ಮಹಡಿಯಲ್ಲಿ ಯಾರೋ ಬಕೆಟ್ಟು ಎಳೆದ ಸದ್ದು. ಮಗಳು ನಿಧಾನವಾಗಿ ಎದ್ದು ನಿಂತಳು.

"ಮೂರು ದಿನದಿಂದ ನನ್ನ ಮಗು ನನ್ನ ಕೇಳ್ಕೊಂಡು ಅಳ್ತಾ ಇದೆಯಲ್ಲಮ್ಮ. ನಾನು ಇಲ್ಲಿ ಕೂತು ಕೇಳ್ತಾ ಇದೀನಲ್ಲ. ಒಳಗೆ ಕೂತ್ಕೊಂಡು ನಿಂಗೂ ಕೇಳಿಸ್ತಿತ್ತಲ್ವಾ?"

"ಕೇಳಿಸ್ತಿತ್ತು."

"ಹೇಗೆ ತಡ್ಕೊಂಡೆ?"

ಮಗಳು ತಾಯಿಯ ಪಕ್ಕದಿಂದ ದಾಟಿ ಒಳಗೆ ಹೋಗಿ, ಮಲಗಿದ್ದ ಕೂಸನ್ನು ಎಬ್ಬಿಸಿ ಎದೆಗೆ ಹಾಕಿಕೊಂಡಳು. ಬಾಟಲಿಯಲ್ಲಿ ಉಳಿದದ್ದನ್ನು ಕಂಡಕ್ಟರ್ ತೊಟ್ಟಿಗೆ ಚೆಲ್ಲಿ, ಬಾಟಲಿ ತೊಳೆದಿಟ್ಟ. ಆ ಸಂಜೆ ಮೂವರೂ ಬ್ರೆಡ್ಡು ತಿಂದರು, ಒಬ್ಬೊಬ್ಬರು ಒಂದೊಂದು ಕಡೆ ನಿಂತು.

"ನಾಳೆ ಸ್ಟುಡಿಯೋಗೆ ನಾನೂ ಬರ್ತೀನಿ. ನೀನು ಮಾಡೋದನ್ನ ಪಕ್ಕದಲ್ಲಿ ಕೂತು ನೋಡ್ತೀನಿ" ಎಂದಳು ಮಗಳು. ಅದಕ್ಕೂ ಬಿಳಿಗೋಡೆಯಮ್ಮ ತಲೆಯಾಡಿಸಿದಳು. ಕಳ್ಳನ ಪಕ್ಕದಲ್ಲಿ ಪೊಲೀಸು ಕೂತ ಹಾಗೆ ಮರುದಿನ ಮಗಳು ಕುರ್ಚಿ ಎಳೆದುಕೊಂಡು ಕೂತಳು, ತೊಡೆಯ ಮೇಲೆ ಟುವ್ವಿ. ಬಿಳಿಗೋಡೆಯಮ್ಮ ಆಗಷ್ಟೇ ಹೊಸದಾಗಿ ತೆಗೆಸಿದ ಪಟವನ್ನು ಹಿಗ್ಗಿಸಿ ಹಿಗ್ಗಿಸಿ, ಮಗಳ ಒಂದೊಂದು ಬೆರಳಿನ ಸುತ್ತಲೂ ಗೆರೆ ಎಳೆದು, ಒಂದೊಂದನ್ನೇ ತೆಗೆದಳು. ಕೂದಲೆಳೆಗಳ ನಡುವಿನ ಬಿಳಿಯನ್ನೂ ಬಿಡಿಸಿದಳು. ಮುಕ್ಕಾಲು ಗಂಟೆ ಹಿಡಿಯಿತು. ತಾಯಿ ಇಂಥ ಕೆಲಸ ಮಾಡುತ್ತಾಳೆ ಎಂದು ಮಗಳಿಗೆ ಗೊತ್ತಿತ್ತೇ ಹೊರತು, ಮಾಡುವುದನ್ನು ನೋಡಿರಲಿಲ್ಲ.

"ನಂದೂ ಚಿಕ್ಕೋಳಿದ್ದಾಗಿನ ಫೋಟೋ ಇದೆಯಲ್ಲ, ಸ್ಟೂಲ್ ಮೇಲೆ ಕೂತಿರೋದು" ಎಂದಳು, ಟುವ್ವಿಯನ್ನು ಇನ್ನೊಂದು ತೊಡೆಗೆ ದಾಟಿಸಿ.

"ಇದೆ."

"ಅದ್ರಲ್ಲಿ ನಿನ್ನ ಕೈ ಕಾಣುತ್ತೆ."

"ಆಗ ಅಳಿಸೋಕೆ ಬರ್ತಿರಲಿಲ್ಲ" ಎಂದಳು ಬಿಳಿಗೋಡೆಯಮ್ಮ. ಮಗಳು ಪರದೆಯ ಮೇಲೆ ಎರಡು ಕಿವಿಯನ್ನೂ ಬೆರಳಿಟ್ಟು ನೋಡಿ, "ಸರಿ, ಕಳಿಸು" ಎಂದಳು.

ಪಾಸ್‌ಪೋರ್ಟ್ ಒಂಬತ್ತು ದಿನಕ್ಕೆ ಬಂತು. ಹೊರಡುವ ಬೆಳಿಗ್ಗೆ ಮೂರು ಪೆಟ್ಟಿಗೆ ಕೆಳಗಿಳಿಸಿ ಟ್ಯಾಕ್ಸಿಗೆ ತುಂಬಿದ್ದಾಯಿತು. ಮಗಳು ತಂದೆಯನ್ನು ಅಪ್ಪಿಕೊಂಡಳು. ತಾಯಿಗೆ, "ಬಿಪಿ ಮಾತ್ರೆ ಮರೀಬೇಡ" ಎಂದಳು. ಟುವ್ವಿಯ ಮೈಮೇಲೆ ತೋಳು ಉದ್ದವಾದ ಹೊಸ ಸ್ವೆಟರ್ ಇತ್ತು, ತೋಳಿನ ತುದಿ ಮಡಚಿ ಮಗಳೇ ತೊಡಿಸಿದ್ದಳು. ಅಷ್ಟು ಸಾಕು ಎಂದುಕೊಂಡಳು ಬಿಳಿಗೋಡೆಯಮ್ಮ. ಕಂಡಕ್ಟರ್ ಅಭ್ಯಾಸಬಲದಿಂದ ಟ್ಯಾಕ್ಸಿಯ ಮೈಮೇಲೆ ಎರಡು ಸಲ ಬಡಿದ. ಬಡಿದು ಹೆಂಡತಿಯ ಕಡೆ ನೋಡಿದ.

"ರೈಟ್" ಎಂದಳು ಆಕೆ. ಕಿಟಕಿಯಲ್ಲಿ ಟುವ್ವಿ ನಗುವುದು ಕಂಡಿತು. ಗಾಡಿ ಹೊರಟಿತು.

ಆಮೇಲಿನ ವಾರಗಳು ಹೇಗೆ ಹೋದವೋ. ಕಟಕಟೆಯ ಮೇಲೆ ಎರಡು ಟವೆಲು, ಒಂದು ಲುಂಗಿ, ಒಂದು ರವಿಕೆ, ಮುಗಿಯಿತು. ಬೆಳಗಿನ ಆರಕ್ಕೆ ಎಚ್ಚರವಾಗುತ್ತಿತ್ತು, ಎದ್ದು ಮಾಡುವುದೇನೂ ಇರುತ್ತಿರಲಿಲ್ಲ. ಹಾಲು ಮೊದಲಿನಷ್ಟೇ ತರಿಸುತ್ತಿದ್ದರು, ಸಂಜೆಗೆ ಅರ್ಧ ಉಳಿಯುತ್ತಿತ್ತು. ಕಡಿಮೆ ಮಾಡಿ ಎಂದು ಇಬ್ಬರೂ ಹಾಲಿನವನಿಗೆ ಹೇಳಲಿಲ್ಲ. ಕಂಡಕ್ಟರ್ ಒಮ್ಮೆ ಅಡುಗೆಮನೆಗೆ ಬಂದು ಸುಮ್ಮನೆ ನಿಂತ. "ಏನ್ರೀ?" ಎಂದಳು. "ಏನಿಲ್ಲ. ಇಲ್ಲಿ ಇಳಿಯೋರು ಯಾರೂ ಇಲ್ಲ" ಎಂದು ವಾಪಸ್ ಹೋದ.

ಭಾನುವಾರ ಭಾನುವಾರ ಫೋನು ಬರುತ್ತಿತ್ತು. ಮಗಳು ತಂದೆಯ ಜೊತೆ ಅರ್ಧ ಗಂಟೆ ಮಾತಾಡಿ, ಕಡೆಗೆ, "ಅಮ್ಮಂದು ಊಟ ಆಯ್ತಾ?" ಎಂದು ಕೇಳುತ್ತಿದ್ದಳು. ಕಂಡಕ್ಟರ್ ಫೋನು ಆಕೆಯ ಕಡೆ ತಿರುಗಿಸುತ್ತಿದ್ದ. "ಆಯ್ತು" ಎನ್ನುತ್ತಿದ್ದಳು ಬಿಳಿಗೋಡೆಯಮ್ಮ. ಸ್ಟುಡಿಯೋಗೆ ಮಕ್ಕಳ ಪಟ ಬಂದರೆ ಮೊದಲಿನ ಹಾಗೆ ಆಕೆಯೇ ಮಾಡುತ್ತಿದ್ದಳು. ಆದರೆ ಕೈ ಅಳಿಸುವ ಮೊದಲು ಒಂದಿಷ್ಟು ಹೊತ್ತು ಸುಮ್ಮನೆ ನೋಡುತ್ತಾಳೆ, ವಯಸ್ಸಾಯಿತೇನೋ ಎಂದು ಮಾಲೀಕ ಅಂದುಕೊಂಡ.

ಮೂರು ತಿಂಗಳು ಕಳೆದ ಮೇಲೆ ಒಂದು ಮಧ್ಯಾಹ್ನ ಆಕೆಯ ಮೊಬೈಲಿಗೆ ನೇರವಾಗಿ ಒಂದು ಪಟ ಬಂತು. ಜೊತೆಗೆ ಮಗಳ ಬರಹ. "ಅಮ್ಮ, ಟುವ್ವಿ ಗುರುತಿನ ಚೀಟಿಗೆ ಬೇಕು. ಬಿಳಿ ಮಾಡಿ ಕಳಿಸು. ಇಲ್ಲಿ ಮಷೀನ್‌ನೇ ಮಾಡುತ್ತೆ, ಕಿವಿ ತಿಂದುಬಿಡುತ್ತೆ. ನೀನೇ ಮಾಡು."

ಕಿವಿ ಎಂಬ ಮಾತಿನ ಮೇಲೆ ಬಿಳಿಗೋಡೆಯಮ್ಮನ ಕಣ್ಣು ನಿಂತಿತು. ಚುಚ್ಚಿದ್ದೋ, ತಮಾಷೆಯೋ ತಿಳಿಯಲಿಲ್ಲ. ನೀನೇ ಮಾಡು ಎಂಬುದನ್ನು ಮಾತ್ರ ನಾಲ್ಕು ಸಲ ಓದಿದಳು. ಪಟವನ್ನು ಕಂಪ್ಯೂಟರಿಗೆ ಹಾಕಿ ತೆರೆದಳು.

ಟುವ್ವಿಗೆ ಕೆಳಗೆ ಎರಡು ಹಲ್ಲು ಬಂದಿದ್ದವು. ಕೆನ್ನೆ ತುಂಬಿತ್ತು. ಮೇಜಿನ ಮೇಲೆ ನಿಲ್ಲಿಸಿದ್ದರು. ಹಿಂದೆ ಆಕೆ ಯಾವತ್ತೂ ಕಾಣದ ಒಂದು ಕೋಣೆ, ಹಸಿರು ಬಣ್ಣದ ಬಾಗಿಲು, ಕುರ್ಚಿಯ ಬೆನ್ನಿಗೆ ನೇತುಹಾಕಿದ ಅಳಿಯನ ಕೆಲಸದ ಅಂಗಿ. ಮಗುವಿನ ಬೆನ್ನ ಹಿಂದೆ ಯಾರೋ ಬಗ್ಗಿ ಕೂತಿದ್ದರು, ಮುಖವಿರಲಿಲ್ಲ, ಎರಡು ಕೈ ಮಾತ್ರ. ಮಗಳ ಕೈಯಲ್ಲ, ಅದನ್ನು ಆಕೆ ಒಂದೊಂದು ಬೆರಳಾಗಿ ಬಲ್ಲಳು. ಗಂಡಸಿನ ಕೈಯೂ ಅಲ್ಲ. ವಯಸ್ಸಾದ ಹೆಂಗಸಿನ ಕೈ. ಗೆಣ್ಣು ದಪ್ಪ, ಮಾಂಸದೊಳಗೆ ಹುದುಗಿದ ಒಂದು ಉಂಗುರ, ಕಂದು ಉಣ್ಣೆಯ ತೋಳು.

ಬಿಳಿಗೋಡೆಯಮ್ಮ ಮೊಬೈಲು ತೆಗೆದು ಬರೆದಳು. "ಇದು ಯಾರ ಕೈ?"

ಉತ್ತರ ಕೂಡಲೇ ಬಂತು. "ಕೆಳಗಿನ ಮನೆ ಅಜ್ಜಿದು. ನಾನು ಡ್ಯೂಟಿಗೆ ಹೋದಾಗ ಅವರೇ ನೋಡ್ಕೊಳ್ಳೋದು. ಟುವ್ವಿ ಅವರನ್ನ ಬಿಟ್ಟು ಇರೋದೇ ಇಲ್ಲ ಈಗ."

ಮಾಲೀಕ ಹೊರಗೆ ಗಿರಾಕಿಯೊಬ್ಬನ ಕಾಲರ್ ಸರಿಮಾಡುತ್ತಿದ್ದ. ಬಿಳಿಗೋಡೆಯಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಪಟವನ್ನು ಹಿಗ್ಗಿಸಿ ಆ ಕೈಗಳನ್ನು ನೋಡಿದಳು. ಎಡಗೈಯ ಹೆಬ್ಬೆರಳು ಕಂಕುಳ ಕೆಳಗಿತ್ತು, ಒತ್ತಿರಲಿಲ್ಲ. ಬಲಗೈ ಬಿಚ್ಚಿಕೊಂಡು ಬೆನ್ನ ಹಿಂದೆ ಇತ್ತು, ಮಗು ವಾಲಿದರೆ ತಾಗುವಷ್ಟು ಹತ್ತಿರದಲ್ಲಿ. ಆಕೆಯೂ ಹಾಗೆಯೇ ಹಿಡಿಯುತ್ತಿದ್ದಳು.

ಹಸಿರು ಬಾಗಿಲು ತೆಗೆದಳು, ಅಂಗಿ ತೆಗೆದಳು. ಆ ಕೈಗಳನ್ನು ಮಾತ್ರ ಕಡೆಗೆ, ಒಂದೊಂದು ಬೆರಳಾಗಿ, ಆತುರಪಡದೆ ಅಳಿಸಿದಳು. ಎಡಗಿವಿಯ ಕೆಳಗೆ ನೋಡಿದಳು. ಬಲಗಿವಿಯ ಅಂಚು ನೋಡಿದಳು. ಎಲ್ಲವೂ ಸರಿಯಾಗಿತ್ತು. ಸುಣ್ಣದ ಗೋಡೆಯ ಮುಂದೆ ಟುವ್ವಿ ಒಬ್ಬಳೇ ನಿಂತು ಎರಡು ಹಲ್ಲು ತೋರಿಸುತ್ತಿದ್ದಳು.

ಪಟ ಕಳಿಸಿ, ಅದರ ಕೆಳಗೆ ಬರೆದಳು. "ಆಗಿದೆ. ಅವರು ಚೆನ್ನಾಗಿ ಹಿಡ್ಕೊಂಡಿದಾರೆ. ನಾನು ಹೇಳಿದೆ ಅಂತ ಅವರಿಗೆ ಹೇಳು."